ಎಡಗೈ ಬ್ರೇಕು

ನನ್ನ ಎಡಗೈ ಮಣಿಕಟ್ಟು ಮುರಿದಾಗ ಮನೆಯವರಿಗೆಲ್ಲ ಮೊದಲು ಹತ್ತಿದ್ದು ಅಡುಗೆಯ ಚಿಂತೆ. ಅತ್ತೆ ಹಾಸನದಿಂದ ಫೋನು ಮಾಡಿ ಮಗನನ್ನು ಕೇಳಿದರು: "ಅಯ್ಯೋ, ಇನ್ನು ಊಟಕ್ಕೇನು ಮಾಡ್ತೀಯಪ್ಪಾ?" ಮಗಳಿಗೆ ತನ್ನ ಜಡೆಯ ಚಿಂತೆ. ನನಗೆ ಹತ್ತಿದ್ದು ಬೇರೆ. ಸ್ಕೂಟರಿನ ಹಿಂದಿನ ಬ್ರೇಕು ಇರುವುದು ಎಡಗೈಯಲ್ಲಿ. ಆ ಹಿಡಿಯನ್ನು ಒತ್ತಲಾಗದಿದ್ದರೆ ಚೆನ್ನೈನ ರಸ್ತೆಗೆ ಇಳಿಯುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಪಿಒಪಿ ಹಾಕುತ್ತಿರುವಾಗಲೇ ನಾನು ಕೇಳಿದ ಮೊದಲ ಪ್ರಶ್ನೆ ಅದು, ಮತ್ತೆ ಯಾವಾಗ ಗಾಡಿ ಓಡಿಸಬಹುದು ಅಂತ. ಪಕ್ಕದಲ್ಲಿದ್ದ ನಮ್ಮನೆಯವರು, "ಮೊದ್ಲು ಕೈ ಕೂಡ್ಲಿ ಕಣೇ, ಗಾಡಿ ಎಲ್ಲಿಗೂ ಓಡಿಹೋಗಲ್ಲ" ಎಂದರು.

ಬಿದ್ದದ್ದು ಪುರಸೈವಾಕ್ಕಂನ ಒಂದು ಪಾತ್ರೆ ಅಂಗಡಿಯಲ್ಲಿ. ಆಗಷ್ಟೇ ಒರೆಸಿದ್ದ ಮೆಟ್ಟಿಲ ಮೇಲೆ ಚಪ್ಪಲಿ ಜಾರಿತು. ಬಲಗೈಯಲ್ಲಿ ಹೊಸ ಇಡ್ಲಿ ಪಾತ್ರೆ ಇತ್ತು. ಅದನ್ನು ಬಿಡದೆ ಎಡಗೈ ಊರಿದೆ. ಪಾತ್ರೆಗೆ ಒಂದು ನೆಗ್ಗೂ ಬೀಳಲಿಲ್ಲ. ನೆಂಟರಿಗೆ ಈ ಕತೆ ಹೇಳುವಾಗ ನಮ್ಮನೆಯವರು ಪಾತ್ರೆಯಿಂದಲೇ ಶುರು ಮಾಡುತ್ತಾರೆ.

ಸ್ಕೂಟರ್ ಅಂದರೆ ನನಗೆ ಏನಾಗಿತ್ತು ಎಂದು ಹೇಳಬೇಕು. ನಾವು ಚೆನ್ನೈಗೆ ಬಂದು ನಾಲ್ಕನೆಯ ವರ್ಷ ಅದು. ನಮ್ಮನೆಯವರು ಮದುವೆಗೆ ಮುಂಚೆಯೇ ಇಲ್ಲಿ ಕೆಲಸ ಮಾಡಿದವರು, ತಮಿಳು ನೀರು ಕುಡಿದಷ್ಟು ಸಲೀಸು. ಮಗಳು ಶಾಲೆಗೆ ಸೇರಿದ ಮೊದಲ ವರ್ಷವೇ ತಮಿಳಿಗೆ ತಿರುಗಿದಳು. ಈಗ ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಮೂರು ಜನರ ಮನೆಯಲ್ಲಿ ನಾನೊಬ್ಬಳೇ ಹೊರಗಿನವಳು. ಆಟೋ ಹತ್ತಿದರೆ ಮಾತಾಡಬೇಕು, ತಿರುವು ಹೇಳಬೇಕು, ಜಗಳ ಬಂದರೆ ಜಗಳವಾಡಬೇಕು. ನನ್ನ ತಮಿಳು ಜಗಳದ ಮಟ್ಟಕ್ಕೆ ಎಂದೂ ಏರಲಿಲ್ಲ. ಸ್ಕೂಟರಿಗೆ ಭಾಷೆ ಬೇಡ. ವೇಲಚೇರಿಯ ಮನೆಯಿಂದ ಪೆರುಂಗುಡಿಯ ಆಫೀಸಿಗೆ ಹೋಗುವ ಅಷ್ಟು ಹೊತ್ತು ನಾನು ಯಾರಿಗೂ ತಪ್ಪುತಪ್ಪಾಗಿ ಏನನ್ನೂ ಹೇಳಬೇಕಾಗಿರಲಿಲ್ಲ. ಇಲ್ಲಿ ಕೆಲಸ ಸಿಕ್ಕಿದ ಮೇಲೆ ನನ್ನ ಸಂಬಳದಲ್ಲೇ ತೆಗೆದುಕೊಂಡ ಗಾಡಿ ಅದು. ಬುಕ್ ಮಾಡಲು ಹೋದವರು ಅವರಾದ್ದರಿಂದ ದಾಖಲೆಯಲ್ಲಿ ಅವರ ಹೆಸರೇ ಬಿದ್ದಿತ್ತು. ಆಗ ಅದನ್ನು ಯಾರು ತಲೆಗೆ ಹಚ್ಚಿಕೊಂಡರು?

ಪಿಒಪಿ ಬಿಚ್ಚಿದಾಗ ಒಳಗಿಂದ ಬಂದ ಕೈ ನನ್ನದು ಅನ್ನಿಸಲಿಲ್ಲ. ಬಾಡಿದ ಮೂಲಂಗಿಯ ಹಾಗಿತ್ತು. ಅವತ್ತು ಸಂಜೆಯೇ ಕೆಳಗೆ ಪಾರ್ಕಿಂಗಿಗೆ ಹೋಗಿ, ಗಾಡಿಯ ಕವರ್ ಸರಿಸಿ, ಸೀಟಿನ ಮೇಲೆ ಕೂತು ಬ್ರೇಕು ಹಿಡಿದೆ. ಬೆರಳುಗಳು ಹಿಡಿಯವರೆಗೆ ಹೋದವು, ಅಷ್ಟೇ. ಎಳೆಯಲು ನೋಡಿದರೆ ಹಿಡಿ ಕದಲಲಿಲ್ಲ, ನನ್ನ ಬೆರಳುಗಳೇ ನಡುಗಿದವು. ಅಳು ಬಂತು. ಪಕ್ಕದ ಜಾಗದವರು ಕಾರು ತಂದು ನಿಲ್ಲಿಸಿದ್ದರಿಂದ ಅಳಲಿಲ್ಲ.

ಮೂಳೆ ಡಾಕ್ಟರು ಕೆಳಗೆ, ಫಿಸಿಯೋಥೆರಪಿ ಮಹಡಿ ಮೇಲೆ, ಎರಡೂ ಒಂದೇ ಕ್ಲಿನಿಕ್ಕು. ಮಹಡಿಯಲ್ಲಿ ಇದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಒಳ್ಳೆಯವಳು. ಈಗಲೂ ಹಾಗೇ ಹೇಳುತ್ತೇನೆ. ಅವಳ ಇಂಗ್ಲಿಷು ನನ್ನ ತಮಿಳಿನಷ್ಟೇ ಇತ್ತು. ನಾನು ಹಟಕ್ಕೆ ಬಿದ್ದು ತಮಿಳಿನಲ್ಲೇ ಮಾತಾಡುತ್ತಿದ್ದೆ. ನಾಲ್ಕು ವರ್ಷವಾದರೂ ಭಾಷೆ ಬರಲಿಲ್ಲ ಎಂದು ಮನೆಯಲ್ಲಿ ದಿನಾ ಆಡಿಕೊಳ್ಳುತ್ತಿದ್ದರಲ್ಲ, ಅದಕ್ಕೆ.

ಅವಳು ಹೇಳಿಕೊಟ್ಟ ಕ್ರಮದಲ್ಲಿ ತಪ್ಪಿರಲಿಲ್ಲ. ಮೊದಲು ಮೆತ್ತನೆಯ ಸ್ಪಂಜಿನ ಚೆಂಡು. ಒತ್ತುವುದು, ಹಿಡಿದಿಟ್ಟುಕೊಳ್ಳುವುದು, ನಿಧಾನಕ್ಕೆ ಬಿಡುವುದು. ಆಮೇಲೆ ಒದ್ದೆ ಟವಲ್ಲು ಹಿಂಡುವುದು. ಆಮೇಲೆ ಸ್ಪ್ರಿಂಗು ಇರುವ ಗ್ರಿಪ್ಪರ್, ಕತ್ತರಿಯ ಹಾಗೆ ಎರಡು ಹಿಡಿ, ನಡುವೆ ಸುರುಳಿ. ಅದಕ್ಕೊಂದು ತಿರುಪು ಇರುತ್ತದೆ. ತಿರುಗಿಸಿದಷ್ಟೂ ಬಿಗಿ. ಕೊನೆಗೆ ಪುಟ್ಟ ಬಕೆಟ್ಟಿಗೆ ನೀರು ತುಂಬಿಸಿ, ಅದನ್ನು ಎಡಗೈಯಲ್ಲಿ ಹಿಡಿದು ಆ ಕೋಣೆಯಲ್ಲಿ ಓಡಾಡುವುದು. ಪ್ರತಿಯೊಂದು ಹಂತದಲ್ಲೂ ಅವಳು ನನ್ನ ಮುಖ ನೋಡಿ ಕೇಳುತ್ತಿದ್ದಳು: "ವಲಿಕ್ಕುದಾ ಅಕ್ಕಾ?"

ನನ್ನ ತಮಿಳಿಗೆ ಒಂದೇ ಒಂದು ವ್ಯಾಕರಣ ಇತ್ತು. ನಾನೇ ಕಂಡುಕೊಂಡದ್ದು ಎಂಬ ಜಂಬವೂ ಇತ್ತು. ಕನ್ನಡದ ಬಕಾರ ತಮಿಳಿಗೆ ಹೋದರೆ ವಕಾರ. ಬಾ ಅಂದರೆ ವಾ, ಬಿಡು ಅಂದರೆ ವಿಡು, ಬಾಯಿ ವಾಯ್, ಬೇರು ವೇರ್, ಬೆರಳು ವಿರಲ್. ಹಾಸನದಿಂದಲೋ ಮೈಸೂರಿನಿಂದಲೋ ಇಲ್ಲಿಗೆ ಬಂದ ಯಾರನ್ನಾದರೂ ಕೇಳಿ, ಈ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿರುತ್ತಾರೆ. ತರಕಾರಿ ಗಾಡಿಯ ಹತ್ತಿರ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದು ನನ್ನನ್ನು ಎಷ್ಟೋ ಸಲ ಕಾಪಾಡಿತ್ತು. ಹಾಗಾಗಿ ಅವಳು ವಲಿಕ್ಕುದಾ ಅಂದಾಗ ನನಗೆ ಯೋಚಿಸಬೇಕು ಅಂತಲೂ ಅನ್ನಿಸಲಿಲ್ಲ. ಬಲಿಕ್ಕುದಾ. ಬಲಿಯುತ್ತಿದೆಯಾ, ಬಲ ಬರುತ್ತಿದೆಯಾ. ಕೈಗೆ ಬಲ ಬರಿಸುವ ಜಾಗದಲ್ಲಿ ಇನ್ನೇನು ಕೇಳುತ್ತಾರೆ?

ನಾನು ಸುಳ್ಳು ಹೇಳುವವಳಲ್ಲ. ಕೈಗೆ ಬಲ ಬಂದಿರಲಿಲ್ಲ. "ಇಲ್ಲೆ" ಅಂದೆ.

"ಸೂಪರ್ ಅಕ್ಕಾ!" ಎನ್ನುತ್ತಿದ್ದಳು. ಬಲ ಬಂದಿಲ್ಲ ಅಂದರೆ ಅದರಲ್ಲಿ ಸೂಪರ್ ಏನಿದೆ ಎಂದು ಮೊದಮೊದಲು ಆಶ್ಚರ್ಯವಾಯಿತು. ಉತ್ಸಾಹ ತುಂಬುತ್ತಿದ್ದಾಳೆ, ಇವರಿಗೆಲ್ಲ ಹಾಗೆ ಮಾತಾಡಲು ಕಲಿಸಿರುತ್ತಾರೆ ಅಂದುಕೊಂಡೆ. "ಇನ್ನುಂ ಕೊಂಜಂ ಟೈಟ್ ಪಣ್ಣಲಾಮಾ?" ಎಂದು ಕೇಳಿ ತಿರುಪು ತಿರುಗಿಸುತ್ತಿದ್ದಳು. ಇನ್ನೂ ಸ್ವಲ್ಪ ಬಿಗಿ ಮಾಡೋಣವಾ ಅಂತ. ಅದು ಅರ್ಥವಾಗುತ್ತಿತ್ತು. ಬಲ ಬಂದಿಲ್ಲವಲ್ಲ, ಬಿಗಿ ಮಾಡಬೇಕಾದ್ದೇ. ತಲೆಯಾಡಿಸುತ್ತಿದ್ದೆ.

ನೋವೋ, ಜೀವ ಹೋಗುವಷ್ಟು. ಮಣಿಕಟ್ಟಿನಿಂದ ಮೊಣಕೈವರೆಗೆ ಯಾರೋ ತಂತಿ ಎಳೆದ ಹಾಗಾಗುತ್ತಿತ್ತು. ಆದರೆ ನೋವು ಇರಲೇಬೇಕು ಅಂದುಕೊಂಡಿದ್ದೆ. ನೋಯದೆ ಯಾವುದು ಸರಿಯಾಗುತ್ತದೆ ಎಂದು ಕೇಳಿಕೊಂಡೇ ಬೆಳೆದವರು ನಾವು. ಹಲ್ಲು ಕಚ್ಚಿಕೊಂಡು, ಗೋಡೆಯ ಮೇಲಿನ ಬೆನ್ನುಹುರಿಯ ಚಿತ್ರ ನೋಡುತ್ತಾ ಒತ್ತುತ್ತಿದ್ದೆ. ನೋಯುತ್ತಿದೆಯೇ ಎಂದು ಈ ಹುಡುಗಿ ಒಂದು ಸಲವೂ ಕೇಳುವುದಿಲ್ಲವಲ್ಲ, ಎಂಥ ಕಲ್ಲುಮನಸ್ಸು ಇವಳದು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಅವಳು ಅದನ್ನಲ್ಲದೆ ಬೇರೇನನ್ನೂ ಕೇಳುತ್ತಿರಲಿಲ್ಲ.

ತಲೆನೋವಿಗೆ ಇಲ್ಲಿನವರು ಹೇಳುವ ತಲವಲಿ ಎಂಬ ಮಾತು ನಾನು ಕೇಳಿರಲಿಲ್ಲವೇ ಅಂದರೆ, ಕೇಳಿದ್ದೆ. ಆದರೆ ನನ್ನ ಕಿವಿಗೆ ಅದು ಒಡೆಯದ ಒಂದೇ ಪದ, ಒಂದು ಕಾಯಿಲೆಯ ಹೆಸರು. ಅದನ್ನು ಬಿಡಿಸಿ ತಲೆ ಬೇರೆ, ವಲಿ ಬೇರೆ ಎಂದು ನೋಡಿರಲಿಲ್ಲ.

ಬ್ಯಾಗು ಹಿಡಿಯಲೆಂದು ಮಗಳು ಸುಮಾರು ದಿನ ನನ್ನ ಜೊತೆ ಬರುತ್ತಿದ್ದಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಫೋನು ನೋಡುತ್ತಾ ಕೂರುತ್ತಿದ್ದಳು. ಮನೆಗೆ ಬಂದ ಮೇಲೂ ನಾನು ಬಿಡುತ್ತಿರಲಿಲ್ಲ. ಟಿವಿ ಮುಂದೆ ಚೆಂಡು, ಸ್ನಾನದ ಮನೆಯಲ್ಲಿ ಟವಲ್ಲು. ಅಂತರ್ಜಾಲದಲ್ಲಿ ನೋಡಿ ಬಾಗಿಲ ಮೇಲಿನ ಕಂಬಿ ಹಿಡಿದು ಜೋತುಬೀಳುವುದನ್ನೂ ಶುರು ಮಾಡಿದೆ. ಎಷ್ಟು ಮಾಡಿದರೆ ಅಷ್ಟು ಬೇಗ ಗಾಡಿ ಹತ್ತಬಹುದು ಎನ್ನುವುದು ನನ್ನ ಲೆಕ್ಕ. ನಡುವೆ ಒಂದು ದಿನವೂ ಕೈಗೆ ಬಿಡುವು ಕೊಡಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ಕೈ ಊದಿಕೊಂಡು, ಕೆಂಪಗಾಗಿ, ಮುಟ್ಟಿದರೆ ಸುಡುತ್ತಿತ್ತು. ಬೆರಳು ಮಡಚಲು ಬರಲಿಲ್ಲ. ಹಲ್ಲುಜ್ಜುವ ಪೇಸ್ಟಿನ ಟ್ಯೂಬು ಒತ್ತಲೂ ಆಗಲಿಲ್ಲ. ಮಗಳನ್ನು ಕರೆದುಕೊಂಡು ಕೆಳಗಿನ ಡಾಕ್ಟರ ಹತ್ತಿರ ಓಡಿದೆ. ಅವರು ಒತ್ತಿ ನೋಡಿದರು, ನಾನು ಚೀರಿದೆ. ಸ್ನಾಯುವಿನ ಎಳೆಗಳಿಗೆಲ್ಲ ಉರಿಯೂತ ಬಂದಿದೆ, ತಾಳಲಾರದಷ್ಟು ಭಾರ ಹಾಕಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬೈದು, ಮಹಡಿಯ ಹುಡುಗಿಯನ್ನು ಕರೆಸಿದರು. ಅವಳ ಕಣ್ಣಲ್ಲಿ ನೀರು.

"ನಾನ್ ಡೈಲಿ ಕೇಟ್ಟೇನ್ ಸರ್. ವಲಿಕ್ಕಲೆನ್ನುದಾನ್ ಸೊನ್ನಾಂಗ" ಎಂದಳು.

ದಿನಾ ಕೇಳಿದೆ, ಇಲ್ಲ ಅಂತಲೇ ಹೇಳಿದರು ಅನ್ನುತ್ತಿದ್ದಾಳೆ ಎಂಬಷ್ಟು ತಿಳಿಯಿತು. ನಾನು ಮಗಳ ಕಡೆ ತಿರುಗಿ ಕನ್ನಡದಲ್ಲಿ, "ಹೌದು, ಬಲ ಬಂದಿಲ್ಲ ಅಂತ ಹೇಳ್ದೆ. ಅದರಲ್ಲಿ ನನ್ನ ತಪ್ಪೇನು? ಬಂದಿರ್ಲಿಲ್ಲವಲ್ಲ!" ಅಂದೆ.

ಮಗಳು ನನ್ನನ್ನೇ ನೋಡಿದಳು. "ಅಮ್ಮಾ, ವಲಿ ಅಂದ್ರೆ ಪೇಯ್ನ್ ಮಾ. ನೋವು. ನೋವಾಗ್ತಿದ್ಯಾ ಅಂತ ಕೇಟ್ಟಾಂಗ ಅವಂಗ." ಅಷ್ಟು ಹೇಳುವಷ್ಟರಲ್ಲೇ ಅವಳ ತುಟಿ ಅಲ್ಲಾಡಲು ಶುರುವಾಗಿತ್ತು. ಆಮೇಲೆ ತಡೆಯಲಾರದೆ ನಕ್ಕಳು. ಡಾಕ್ಟರಿಗೂ ತಮಿಳಿನಲ್ಲಿ ಬಿಡಿಸಿ ಹೇಳಿದಳು. ಅವರೂ ನಕ್ಕರು. ನಗದೆ ಇದ್ದವರು ನಾನು ಮತ್ತು ಆ ಹುಡುಗಿ, ಇಬ್ಬರೇ.

"ನೀನು ಅಲ್ಲೇ ಕೂತಿದ್ದೆಯಲ್ಲೇ," ಎಂದು ಆಟೋದಲ್ಲಿ ಬರುವಾಗ ಕೇಳಿದೆ. "ದಿನಾ ಕೇಳಿಸ್ಕೊಂಡಿದ್ದೀಯ. ನನ್ನ ಮುಖ ನೋಡಿದ್ರೆ ನೋವಾಗ್ತಿದೆ ಅಂತ ಗೊತ್ತಾಗ್ತಿರ್ಲಿಲ್ವಾ?"

"ನೀ ಬ್ರೇವ್ ಆಗಿ ಇರೋಕೆ ಟ್ರೈ ಪಣ್ಣಿಟ್ಟಿದ್ಯ ಅಂದ್ಕೊಂಡೆ ಮಾ. ಐ ವಾಸ್ ಪ್ರೌಡ್ ಆಫ್ ಯು."

ಬೇರೆ ತಾಯಿಯಾಗಿದ್ದರೆ ಆ ಮಾತಿಗೆ ಕರಗುತ್ತಿದ್ದಳೇನೋ. ನನಗೆ ಉರಿಯಿತು. ಅವಳಿಗೆ ಒಂದು ವಾರ ಜಡೆ ಹಾಕಲಿಲ್ಲ. ಹಾಕುವ ಕೈಯೂ ಇರಲಿಲ್ಲ, ಅದು ಬೇರೆ ಮಾತು.

ನಮ್ಮನೆಯವರು ಅವತ್ತು ರಾತ್ರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ, "ಪಾಪ ಕಣೇ" ಎಂದು ನನ್ನ ಊದಿದ ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟರು. ಅದಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಯುಗಾದಿಗೆ ನಮ್ಮ ಕಡೆಯ ನಾಲ್ಕೈದು ಮನೆಯವರು ಸೇರಿ ಊಟ ಮಾಡುವುದುಂಟು. ಅಲ್ಲಿ ಒಬ್ಬಟ್ಟು ಬಡಿಸುವುದಕ್ಕೂ ಮುಂಚೆ ಈ ಕತೆ ಬಡಿಸಿಯಾಗಿತ್ತು. ಹೇಳಿ ಹೇಳಿ ಅವರು ಅದನ್ನು ಬೆಳೆಸಿದ್ದರು. ಅವರ ಕತೆಯಲ್ಲಿ ನಾನು ಗ್ರಿಪ್ಪರ್ ಮುರಿಯುವಷ್ಟು ಒತ್ತಿ ಇಲ್ಲೆ ಇಲ್ಲೆ ಎಂದು ಕೂಗುತ್ತಿದ್ದೆ. ಉಡುಪಿ ಕಡೆಯವರು, ಅಜ್ಜನ ಕಾಲದಿಂದ ಇಲ್ಲೇ ಹೋಟೆಲು ನಡೆಸುವ ಒಬ್ಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಅವರಿಗೆ ತಮಿಳು ಮೂರು ತಲೆಮಾರಿನದು, ನಗುವ ಹಕ್ಕಿತ್ತು. "ನಮ್ಮ ಅಮ್ಮನೂ ಮದುವೆಯಾಗಿ ಬಂದ ಸುರುವಿಗೆ ಹೀಗೇ ಮಾರಾಯ್ರೆ" ಎಂದರು. ಅವರ ಅಮ್ಮನ ಕೈ ಏನಾಯಿತು ಎಂದು ಯಾರೂ ಕೇಳಲಿಲ್ಲ. ನಾನು ಬಲಗೈಯಲ್ಲಿ ಒಬ್ಬಟ್ಟು ತಿನ್ನುತ್ತಾ, ಎಡಗೈಯನ್ನು ಸೆರಗಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಅಲ್ಲಿಗೆ ಆ ಕ್ಲಿನಿಕ್ಕಿಗೆ ಹೋಗುವುದನ್ನು ಬಿಟ್ಟೆ. ಊತ ಇಳಿಯುವವರೆಗೆ ಕೈಗೆ ಪಟ್ಟಿ, ಪೂರ್ತಿ ವಿಶ್ರಾಂತಿ. ಆಮೇಲೆ ದೊಡ್ಡ ಆಸ್ಪತ್ರೆಯೊಂದರ ವಯಸ್ಸಾದ ಥೆರಪಿಸ್ಟರ ಹತ್ತಿರ ಹೋದೆ. ಸದಾ ಬಾಯಲ್ಲಿ ಏಲಕ್ಕಿ, ಮಾತು ಕಮ್ಮಿ, ಮಾತಾಡಿದರೆ ಇಂಗ್ಲಿಷು. ನೋವು ಎಷ್ಟಿದೆ ಎಂಬುದನ್ನು ಬಲಗೈ ಬೆರಳುಗಳಲ್ಲಿ ತೋರಿಸಬೇಕು ಅಂದರು. ಒಂದೆರಡು ಬೆರಳಾದರೆ ಮುಂದುವರಿಸುವುದು, ಮೂರಾದರೆ ನಿಲ್ಲಿಸುವುದು. ಇಷ್ಟು ಸುಲಭವಿತ್ತು.

ಮತ್ತೆ ಮೊದಲಿನಿಂದ. ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ ಬೆರಳು ಮಡಚಿ ಬಿಚ್ಚುವುದು. ಉಪ್ಪು ಹಾಕಿ ಕಲಸಿದ ಗೋಧಿ ಹಿಟ್ಟಿನ ಉಂಡೆಯನ್ನು ಹಿಸುಕುವುದು. ಐದೂ ಬೆರಳಿನ ತುದಿಗೆ ರಬ್ಬರ್ ಬ್ಯಾಂಡು ಹಾಕಿ ಹೊರಗೆ ಅಗಲಿಸುವುದು, ಏಕೆಂದರೆ ಬಿಚ್ಚುವ ಸ್ನಾಯು ಸೋತರೆ ಮುಚ್ಚುವ ಸ್ನಾಯುವಿಗೂ ಬಲ ನಿಲ್ಲುವುದಿಲ್ಲವಂತೆ. ಒಂದು ದಿನ ಮಾಡಿದರೆ ಮಾರನೆಯ ದಿನ ಕೈಗೆ ರಜ. ಬಲ ಬರುವುದು ಆ ರಜದ ದಿನದಲ್ಲೇ ಎಂದು ಹೇಳಿದರು. ಕೈಗೊಂದು ರಜ ಸಿಕ್ಕಿತು, ನನಗೆ ಸಿಗಲಿಲ್ಲ. ಒಂದೇ ಕೈಯಲ್ಲಿ ಕುಕ್ಕರ್ ಮುಚ್ಚುವುದು, ಒಂದೇ ಕೈಯಲ್ಲಿ ರವಿಕೆಯ ಹುಕ್ಕು, ಒಂದೇ ಕೈಯಲ್ಲಿ ಆಫೀಸಿನ ಲ್ಯಾಪ್‌ಟಾಪು. ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಂತು ಆಟೋಗೆ ಕಾಯುವುದು. ಬುಕ್ ಮಾಡಿದ ಆಟೋದವರಿಗೆ ಮನೆ ಎಲ್ಲಿದೆ ಎಂದು ಫೋನಿನಲ್ಲಿ ತಿಳಿಸಲಾಗದೆ, ಅವರು ರದ್ದು ಮಾಡಿ ಹೋಗುವುದು. ಒಮ್ಮೆಯಂತೂ ಮಳೆಯಲ್ಲಿ ನೆನೆದು, ಮನೆಗೆ ವಾಪಸು ಹೋಗಿ ಸೀರೆ ಬದಲಿಸಿ ಹೊರಡಬೇಕಾಯಿತು.

ಪಾರ್ಕಿಂಗಿಗೆ ಮಾತ್ರ ನಾನು ಇಳಿಯುತ್ತಿರಲಿಲ್ಲ. ಕೈ ಪೂರ್ತಿ ಬರುವವರೆಗೆ ಗಾಡಿಯ ಮುಖ ನೋಡಬಾರದು ಎಂದು ನಿರ್ಧರಿಸಿದ್ದೆ. ನೋಡಿದರೆ ಹತ್ತಿ ಒತ್ತದೆ ಇರುತ್ತಿರಲಿಲ್ಲ, ಒತ್ತಿದರೆ ಮತ್ತೆ ಊದುತ್ತಿತ್ತು. ಅಷ್ಟರ ಮಟ್ಟಿಗೆ ನನ್ನ ಬುದ್ಧಿ ನನಗೆ ಗೊತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಆ ಥೆರಪಿಸ್ಟರು ಕೈ ಒತ್ತಿ ಅಳೆಯುವ ಉಪಕರಣವನ್ನು ನನ್ನ ಎಡಗೈಗೆ ಕೊಟ್ಟರು. ಒತ್ತಿದೆ. ಮುಳ್ಳನ್ನು ನೋಡಿ, ಬಲಗೈಯಲ್ಲೂ ಒತ್ತಿಸಿ, ತಲೆಯಾಡಿಸಿದರು. "ಯು ಕ್ಯಾನ್ ರೈಡ್" ಎಂದರು. ನಾನು ಬಲಗೈಯ ಯಾವ ಬೆರಳನ್ನೂ ಎತ್ತಲಿಲ್ಲ. ಅವರು ಇನ್ನೊಂದು ಏಲಕ್ಕಿ ಬಾಯಿಗೆ ಹಾಕಿಕೊಂಡು ಮುಂದಿನವರನ್ನು ಕರೆದರು.

ಆಫೀಸಿಗೆ ಅರ್ಧ ದಿನ ರಜ ಹೇಳಿ ಮನೆಗೆ ಬಂದೆ. ಮೇಲೆ ಹೋಗಿ ಗಾಡಿಯ ಕೀ ಹುಡುಕುವಷ್ಟು ತಾಳ್ಮೆಯೂ ಇರಲಿಲ್ಲ. ನೇರವಾಗಿ ಪಾರ್ಕಿಂಗಿಗೆ ಇಳಿದೆ. ಬರೀ ಕೂತು ಬ್ರೇಕು ಒತ್ತಿ ನೋಡಲು ಕೀ ಯಾಕೆ? ನಮ್ಮ ಜಾಗದಲ್ಲಿ ಯಾರದೋ ಮಗುವಿನ ಸೈಕಲ್ಲು, ಮುರಿದ ಒಂದು ಚಪ್ಪಲಿ ಸ್ಟ್ಯಾಂಡು ಇತ್ತು. ಕಳ್ಳತನವಾಗಿದೆ ಎಂದುಕೊಂಡು ವಾಚ್‌ಮನ್ನರ ಹತ್ತಿರ ಓಡಿದೆ.

"ಅದಾ? ಸಾರ್ ಕುಡುತ್ತುಟ್ಟಾರೇ ಮಾ" ಎಂದರು. ಸಾಹೇಬರು ಕೊಟ್ಟುಬಿಟ್ಟರಲ್ಲಮ್ಮ. ಈ ಸಲ ಒಂದೊಂದು ಪದವೂ ನನಗೆ ಸರಿಯಾಗಿ ಅರ್ಥವಾಯಿತು.

ಸಂಜೆ ಅವರು ಬಂದು ಕಾಫಿ ಕುಡಿದ ಮೇಲೆ ಕೇಳಿದೆ, "ರೀ, ಗಾಡಿ ಎಲ್ಲಿ?"

"ಹೇಳಿದ್ನಲ್ಲೇ. ನಮ್ಮಾಫೀಸಲ್ಲಿ ಹೊಸದಾಗಿ ಬಂದಿದಾನಲ್ಲ, ಅವನಿಗೆ ಕೊಟ್ಟೆ."

"ಯಾವಾಗ ಹೇಳಿದ್ರಿ?"

"ಯಾವಾಗ್ಲೋ ಹೇಳ್ದೆ. ಯುಗಾದಿ ಆದ್ಮೇಲೆ. ನಿಂತು ನಿಂತು ಬ್ಯಾಟ್ರಿ ಹೋಗಿತ್ತು, ಟೈರು ಕೂತಿತ್ತು. ನಿನಗೂ ಇನ್ನು ಓಡಿಸೋಕೆ ಆಗಲ್ಲ. ಹಾಳಾಗೋ ಬದಲು ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ." ಮಗಳ ಕಡೆ ತಿರುಗಿದರು. "ನಿಂಗೆ ಹೇಳಿದ್ದೆ ತಾನೇ?"

"ಅಪ್ಪಾ, ನೀಂಗದಾನ್ ಅಮ್ಮಾಕ್ಕಿಟ್ಟ ಸೊಲ್ಲಣುಂ" ಎಂದಳು ಅವಳು, ಫೋನಿನಿಂದ ತಲೆಯೆತ್ತದೆ. ಅಮ್ಮನಿಗೆ ನೀವೇ ತಾನೆ ಹೇಳಬೇಕಾದ್ದು ಅಂತ.

ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ಆಟೋದಲ್ಲಿ ಆರಾಮಾಗಿ ಹೋಗು. ಇನ್ನೊಂದು ಸಲ ಬಿದ್ರೆ ಯಾರು ನೋಡೋರು?" ಎಂದು ಬೆನ್ನು ತಟ್ಟಿದರು. ನನ್ನ ಕೈ ಯಾವತ್ತಿಗೂ ಬರುವುದಿಲ್ಲ ಎಂದು ಇವರು ಯುಗಾದಿಯ ಹೊತ್ತಿಗೇ ತೀರ್ಮಾನಿಸಿದ್ದರು. ಆಮೇಲಿನ ಅಷ್ಟೂ ತಿಂಗಳು ನಾನು ಇವರ ಕಣ್ಣೆದುರಿಗೇ ಹಿಟ್ಟು ಹಿಸುಕುತ್ತಾ ಕೂತಿದ್ದೆ. ಯಾಕೆ ಹಿಸುಕುತ್ತಿದ್ದೀಯ ಎಂದು ಒಮ್ಮೆಯೂ ಕೇಳಲಿಲ್ಲ. ಥೆರಪಿಸ್ಟರು ಹೇಳಿದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇವರಿಗೆ ಹೇಳಿ ಇನ್ನೇನು? ಹೇಳಿದರೆ ಅದೂ ಒಂದು ಕತೆಯಾಗುತ್ತಿತ್ತು, ಮುಂದಿನ ಯುಗಾದಿಗೆ.

ರಾತ್ರಿ ಊಟಕ್ಕೆ ಕೂತೆವು. ಕೊನೆಗೆ ಮೊಸರನ್ನಕ್ಕೆ ನಾನು ನಿಂಬೆಕಾಯಿ ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಕೈ ಹಾಕಿದೆ.

"ಕೊಡು ಇಲ್ಲಿ, ನಿನ್ನ ಕೈಲಾಗಲ್ಲ" ಎಂದು ಅವರು ಕೈ ಚಾಚಿದರು.

ಕೊಟ್ಟೆ.

ಅವರು ಮುಚ್ಚಳ ತಿರುಗಿಸಿದರು. ಬರಲಿಲ್ಲ. ಎದೆಗೆ ಅವಚಿಕೊಂಡು ತಿರುಗಿಸಿದರು. ಟವಲ್ಲು ಸುತ್ತಿ ನೋಡಿದರು. ಮೇಜಿನ ಅಂಚಿಗೆ ನಾಲ್ಕು ಸಲ ಕುಟ್ಟಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. "ವಿಡು ಪಾ" ಎಂದಳು ಮಗಳು. "ಯಾರೇ ಇದನ್ನ ಇಷ್ಟು ಬಿಗಿದಿದ್ದು?" ಎಂದು ಅವರು ಅಂಗೈ ಒರೆಸಿಕೊಂಡು ಮತ್ತೆ ಹಿಡಿದರು.

ಬಿಗಿದವಳು ನಾನೇ. ಪಾರ್ಕಿಂಗಿನಿಂದ ಮೇಲೆ ಬಂದ ಮೇಲೆ ಮಾಡಲು ಬೇರೇನೂ ತೋಚದೆ, ಭರಣಿಯಲ್ಲಿದ್ದ ಉಪ್ಪಿನಕಾಯಿಯನ್ನು ಆ ಬಾಟಲಿಗೆ ತುಂಬಿ ಮುಚ್ಚಳ ಹಾಕಿದ್ದೆ, ಎಡಗೈಯಲ್ಲಿ. ಉಪ್ಪಿನಕಾಯಿ ಇಲ್ಲದೆಯೇ ಮೊಸರನ್ನ ತಿಂದು ಎದ್ದೆ.